ಅರ್ಧ ಗ್ಲಾಸಿನ ಬೂಷ್ಟು

ಇವತ್ತು ಬೆಳಿಗ್ಗೆ ಕಿಟಕಿಯ ಪರದೆ ಸರಿಸಿದೆ. ನೆನೆದ ಗೋಣಿಚೀಲದಂಥ ವಾಸನೆ ಬಂತು. ಬಗ್ಗಿ ನೋಡಿದರೆ ಬಿಗೋನಿಯಾ ಕುಂಡದ ಮಣ್ಣಿನ ಮೇಲೆ ಬಿಳಿ ಬೂಷ್ಟು, ಹಿಂಜಿದ ಅರಳೆಯ ಹಾಗೆ. ನೀವು ನಗಬಹುದು. ನನಗೆ ಮಾತ್ರ ತೀರಿಹೋದ ಅತ್ತೆ ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದಂತಾಯಿತು.

ಆಗ ಗದಗ ಜಿಲ್ಲೆಯಾದ ಹೊಸತು. ಬೆಟಗೇರಿಯ ನಮ್ಮ ಮನೆ ಛತ್ರವಾಗಿಬಿಟ್ಟಿತ್ತು. ಮೊದಲು ಆಫೀಸಿನ ಕೆಲಸಕ್ಕೆ ಧಾರವಾಡಕ್ಕೆ ಹೋಗುತ್ತಿದ್ದ ಬಳಗವೆಲ್ಲ ಈಗ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದಿಂದ ಬಂದು ಬಸ್ಸಿಳಿದು ಸೀದಾ ನಮ್ಮಲ್ಲಿಗೇ. ಮೊದಲು ನೀರು, ಆಮೇಲೆ ಚಹಾ. ಎಲ್ಲರೂ ಅರ್ಧ ಗ್ಲಾಸು ಕುಡಿದು ಅರ್ಧ ಉಳಿಸುವವರೇ. ನಳದ ನೀರು ಎಂಟು ದಿನಕ್ಕೋ ಹದಿನೈದು ದಿನಕ್ಕೋ ಬರುವ ಊರಲ್ಲಿ ಆ ಅರ್ಧವನ್ನು ಚೆಲ್ಲಲು ಯಾರಿಗೆ ಕೈ ಬರುತ್ತದೆ?

ಅತ್ತೆಯ ಕಣ್ಣು ಅಷ್ಟೊತ್ತಿಗೆ ಪೂರ್ತಿ ಮಬ್ಬಾಗಿತ್ತು. ಒಲೆ, ಈಳಿಗೆ ಎರಡನ್ನೂ ನಾವು ಅವರಿಂದ ಬಿಡಿಸಿದ್ದೆವು, ಪ್ರೀತಿಯಿಂದಲೇ. ನಾನು ಓದಿದ ಹುಬ್ಬಳ್ಳಿಯ ಕಾನ್ವೆಂಟ್ ವರಾಂಡದಿಂದ ತಂದ ಬಿಗೋನಿಯಾ ಕಡ್ಡಿಯೊಂದು ಪಡಸಾಲೆಯಲ್ಲಿ ಗಿಡವಾಗಿತ್ತು. ಬೆಳಗಾದರೆ ಅತ್ತೆ ಅದರ ಎಲೆ ಸವರುವರು. ಕರುವಿನ ಕಿವಿಯಂಥ ನವಿರು ಅದಕ್ಕೆ. ಆಮೇಲೆ ನೀರು ಹಾಕುವರು. ಮನೆಯಲ್ಲಿ ಅವರದೆಂದು ಉಳಿದ ಕೆಲಸ ಅದೊಂದೇ.

ಆ ಮಳೆಗಾಲ ಮಣ್ಣಿಗೆ ಬೂಷ್ಟು ಹಿಡಿಯಿತು, ಎಲೆ ಹಳದಿಯಾಯಿತು.

“ಅವ್ವಗ ಮೊದಲಿಂದ ಕೆಮ್ಮು. ಹೊರಗ ಒಗಿ ಅದನ್ನ,” ಅಂದರು ನನ್ನ ಯಜಮಾನರು.

“ಮೊದಲ ನನ್ನ ಒಗೀಲೇ, ಆಮ್ಯಾಲೆ ಅದನ್ನ,” ಅಂದರು ಅತ್ತೆ.

ನಾನು ಇಂಗ್ಲಿಷ್ ಗಾರ್ಡನಿಂಗ್ ಪುಸ್ತಕ ತೆರೆದೆ. ಚಹಾಪುಡಿ ಮಣ್ಣಿಗೆ ಒಳ್ಳೆಯದೆಂದು ಅದನ್ನೇ ಓದಿ ದಿನಾ ಚಹಾದ ಚರಟ ಸುರಿಯುತ್ತಿದ್ದವಳು ನಾನು. ಬರೆದ ಮೇಡಂ ನಮ್ಮ ಚಹಾ ಕಂಡವರಲ್ಲ. ಹಾಲು ಸಕ್ಕರೆ ಕೂಡಿ ಕುದ್ದ ಆ ಚರಟ ಫಂಗಸ್‌ಗೆ ಬ್ರೇಕ್‌ಫಾಸ್ಟ್. ಬೆರಳಿಟ್ಟರೆ ಮಣ್ಣು ಗಂಜಿಯಾಗಿತ್ತು. ಹೊಲದ ಎರೆಮಣ್ಣು ತುಂಬಿದ್ದೆವು, ಅದು ಹಿಡಿದ ನೀರು ಬಿಡುವುದಿಲ್ಲ. ಕೆಳಗಿನ ಸಾಸರ್ ತುಂಬಿ ನಿಂತಿತ್ತು. ಮಳೆಯ ಎರಚಲಿಗೆ ಹೆದರಿ ಕಿಟಕಿಯೂ ಬಂದ್.

ಇಷ್ಟು ನೀರು ಹಾಕಿದವರು ಯಾರು ಎಂದು ಕೇಳಿದೆ.

“ನಂದು ಒಂದ ತಂಬಿಗಿ,” ಅಂದರು ಅತ್ತೆ.

“ಬಂದವರ ಗ್ಲಾಸಿನ್ಯಾಗ ಉಳಿದದ್ದಷ್ಟ ನಂದು,” ಅಂದರು ಇವರು.

ಹೂಜಿಯ ಹಳೆಯ ನೀರು ನನ್ನದು. ಅದನ್ನು ನಾನು ಹೇಳಲಿಲ್ಲ.

ಆಡು ಸಾಕಿದ್ದ ಪಕ್ಕದ ಮನೆಯ ಖೈರುನ್ಬಿ ಗೋಡೆಯಾಚೆಯಿಂದಲೇ ನಕ್ಕಳು. “ಊರಾಗ ಕುಡ್ಯಾಕ ನೀರಿಲ್ಲ, ನಿಮ್ಮ ಗಿಡ ನೋಡಿದ್ರ ಮುಳುಗಿ ಸಾಯಾಕತ್ತೈತಿ ಬಾಯಾರ. ಉಳಿದಿದ್ದು ನಮ್ಮ ಆಡಿಗೆ ಕೊಡ್ರಿ.”

ಹಾಗೇ ಆಯಿತು. ಮೇಲಿನ ಮಣ್ಣು ಕೆರೆದು ತೆಗೆದೆ. ತಳದ ತೂತನ್ನು ಕ್ರೋಶಾ ಕಡ್ಡಿಯಿಂದ ಬಿಡಿಸಿ, ಉಸುಕು ಬೆರೆಸಿದ ಒಣಮಣ್ಣು ಹಾಕಿ, ಕಿಟಕಿ ತೆರೆದಿಟ್ಟೆ. ಅತ್ತೆ ಖಾಲಿ ತಂಬಿಗೆ ಹಿಡಿದು ಕುಳಿತಿದ್ದರು.

“ಹಂಗಾದ್ರ ಇನ್ನ ನಾ ಏನ್ ಮಾಡ್ಲಿ?”

ನಾನು ಪುಸ್ತಕ ಮುಚ್ಚಿಟ್ಟೆ. ಅವರ ಬೆರಳು ಹಿಡಿದು ಮಣ್ಣಿನೊಳಗಿಟ್ಟೆ. “ಬೆರಳಿಗೆ ಹತ್ತಿದ್ರ ನೀರು ಬ್ಯಾಡ, ಉದುರಿದ್ರ ಬೇಕು. ಹೇಳಾವರು ನೀವ. ನೀವು ಹೂಂ ಅನ್ನೂತನಕ ಯಾರೂ ಹನಿ ಹಾಕಂಗಿಲ್ಲ ಅತ್ತಿ.”

“ನಿನ್ನ ಗಂಡನೂ?”

“ಅವರೂ.”

ಅತ್ತೆಯ ಆ ಸಣ್ಣ ನಗು ಇನ್ನೂ ನನ್ನ ಕಣ್ಣಲ್ಲಿದೆ. ಅಂದಿನಿಂದ ಅತ್ತೆ ಮನೆಯ ಡಾಕ್ಟರ್. ಬಂದ ಬೀಗರು ಗ್ಲಾಸು ಹಿಡಿದು ಕಾಯುವರು. ಅತ್ತೆ ಮಣ್ಣಿನ ಬೆರಳು ಉಜ್ಜಿ, ಸಾವಕಾಶವಾಗಿ, “ಇನ್ನೂ ಬ್ಯಾಡ” ಅನ್ನುವರು. ಹೊಸ ಚಿಗುರನ್ನು ಮೊದಲು ಕಂಡದ್ದೂ ಕಣ್ಣಿದ್ದ ನಾವಲ್ಲ, ಆ ಬೆರಳು.

ಇವತ್ತಿನ ಗಿಡ ಅದೇ ಬಿಗೋನಿಯಾದ ಕಡ್ಡಿ. ಒಳಗಿನಿಂದ ಸೊಸೆ ಕೇಳಿದಳು, “ಅತ್ತಿ, ಇದಕ್ಕ ದಿನಾ ಯಾರು ನೀರು ಹಾಕ್ತಾರ?” ಯಾರೂ ಇಲ್ಲವೆಂದೆ. ಅನ್ನುವಾಗಲೇ, ಮಾತ್ರೆ ನುಂಗಿ ಉಳಿದ ಅರ್ಧ ಗ್ಲಾಸು ನನ್ನ ಕೈಯಲ್ಲಿ ಕುಂಡದತ್ತ ಬಾಗಿತ್ತು.

ತಡೆದು, ಮಣ್ಣಿಗೆ ಬೆರಳಿಟ್ಟೆ. ತಣ್ಣಗೆ ಹತ್ತಿಕೊಂಡಿತು.

“ಇನ್ನೂ ಬ್ಯಾಡ,” ಎಂದು ನನಗೆ ನಾನೇ ಹೇಳಿಕೊಂಡು, ಉಳಿದ ನೀರು ಕುಡಿದೆ.