ಪೊನ್ನಮ್ಮಕ್ಕ ಮಡಿಸಿದ ಆಕಾಶ

ಇಪ್ಪತ್ತಾರು ವರ್ಷದಿಂದ ನಾನು ಸೇಲಂನ ಒಂದು ಕನ್ನಡ ನೇಕಾರರ ಸಂಘದ ಮಳಿಗೆಯಲ್ಲಿ ಸೀರೆ ಮಾರುತ್ತಿದ್ದೇನೆ. ಬಂದು ಕೂತ ಗಿರಾಕಿಯನ್ನು ಬರಿಗೈಯಲ್ಲಿ ಎದ್ದುಹೋಗಲು ಬಿಟ್ಟವನಲ್ಲ. ಅದೆಲ್ಲ ನನ್ನ ಬಾಯಿಯ ಬಲ ಎಂದೇ ನಂಬಿದ್ದೆ. ಆ ಜಂಬ ಇಳಿದದ್ದು ಹೋದ ವರ್ಷದ ಒಂದು ಭಾನುವಾರ, ಅದೂ ಸೀರೆಗೆ ಏನೇನೂ ಸಂಬಂಧವಿಲ್ಲದ ಒಂದು ವಿಡಿಯೋ ಗೇಮಿನಿಂದ. ಇಳಿಸಿದವಳು ನಮ್ಮ ಪೊನ್ನಮ್ಮಕ್ಕ.

ಪೊನ್ನಮ್ಮಕ್ಕ ನಮ್ಮ ಮಳಿಗೆಯಲ್ಲಿ ಸೀರೆ ಮಡಿಸುತ್ತಾಳೆ. ಮಗ್ಗದಿಂದ ಬಂದ ಸೀರೆಯನ್ನು ಜಮಖಾನದ ಮೇಲೆ ಹರಡಿ, ಈ ತುದಿಯಿಂದ ಆ ತುದಿಗೆ ಒಂದೇ ಸಲ ನೋಡುತ್ತಾಳೆ. ಯಾವ ಭಾಗ ಹೊರಗೆ ಕಾಣಬೇಕು ಎನ್ನುವುದು ಆ ಒಂದು ನೋಟದಲ್ಲಿ ತೀರ್ಮಾನವಾಗಿಬಿಡುತ್ತದೆ. ಐದೂವರೆ ಮೀಟರ್ ಸೀರೆಯಲ್ಲಿ ಕಪಾಟಿನಲ್ಲಿಟ್ಟಾಗ ಕಾಣುವುದು ಒಂದು ಗೇಣು ಅಷ್ಟೆ. ಆ ಗೇಣು ಯಾವುದು ಎಂದು ಹೇಳುವುದೇ ಆಕೆಯ ಕೆಲಸ. ಐವತ್ತೆಂಟು ವರ್ಷ, ಸಣಕಲು ಮೈ, ಬಾಯಿ ಮಾತ್ರ ಖಾರ. ಒಮ್ಮೆ ಮಳಿಗೆಯವರೆಲ್ಲ ಹೊಗೆನಕಲ್‌ಗೆ ಹೋಗಿದ್ದೆವು. ನಾವು ಮೀನು ತಿನ್ನುತ್ತಿದ್ದರೆ ಈಕೆ ಬಂಡೆಯ ಮೇಲೆ ಕೂತು ಎಲ್ಲರ ಒದ್ದೆ ಟವೆಲ್ಲುಗಳನ್ನೂ ಮಡಿಸಿ ಸಾಲಾಗಿ ಜೋಡಿಸಿದ್ದಳು.

ಗುರುವಾರ ನೇಕಾರರು ಸೀರೆ ತಂದು ಒಪ್ಪಿಸುವ ದಿನ. ಪ್ರತಿ ಗುರುವಾರವೂ ಒಬ್ಬರಲ್ಲ ಒಬ್ಬರು ಆಕೆಯ ಮುಂದೆ ನಿಂತು ಗೋಗರೆಯುತ್ತಾರೆ.

“ಅಕ್ಕಾ, ಸೆರಗು ಒರಗೆ ಕಾಣಂಗೆ ಮಡ್ಸಕ್ಕಾ. ನಾನೂ ನನ್ನೆಂಡ್ರೂ ಅದಕ್ಕೇ ಒಂಬತ್ತು ದಿನ ಒದ್ದಾಡಿದ್ದೀವಿ.”

“ನೀನು ಒದ್ದಾಡಿದ್ದು ನಿಂಗೆ ಗೊತ್ತು. ಉಡೋಳಿಗೆ ಅದು ಎಂಗಪ್ಪಾ ಗೊತ್ತಾಗುತ್ತೆ?” ಎನ್ನುತ್ತಾಳೆ ಅಕ್ಕ. ತನಗೆ ತೋಚಿದ ಹಾಗೇ ಮಡಿಸುತ್ತಾಳೆ.

ಆಕೆಯ ಅಣ್ಣ ಸುಬ್ಬರಾಯನ್ ಇರುವುದು ನಮ್ಮ ಬೀದಿಯಲ್ಲೇ. ಜಕಾರ್ಡ್ ಮಗ್ಗಕ್ಕೆ ಗ್ರಾಫ್ ಕಾಗದದಲ್ಲಿ ಚೌಕ ಚೌಕವಾಗಿ ಬಣ್ಣ ತುಂಬಿ ವಿನ್ಯಾಸ ಬರೆಯುತ್ತಿದ್ದವರು. ನಾಲ್ಕು ವರ್ಷದ ಹಿಂದೆ ಆ ಕೆಲಸವನ್ನು ಕಂಪ್ಯೂಟರ್ ಕಿತ್ತುಕೊಂಡಿತು. ಬ್ರಷ್ಷುಗಳನ್ನು ಒಂದು ಡಬ್ಬಿಗೆ ಹಾಕಿ ಅಟ್ಟಕ್ಕೆ ಎಸೆದು, ಜಗುಲಿಯ ಮೇಲೆ ಪೇಪರ್ ಹಿಡಿದು ಕೂತುಬಿಟ್ಟರು. ಊಟಕ್ಕೆ ಕರೆದರೆ ಮಾತ್ರ ಏಳುತ್ತಿದ್ದರು.

ಅವರ ಮಗಳು ಜಯಪ್ರಿಯಾ, ಹಿಂದೆ ಮಗ್ಗವಿದ್ದ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು, ಧರ್ಮಪುರಿಯ ಗೆಳತಿ ಕಲೈಸೆಲ್ವಿಯ ಜೊತೆ ಮೂರು ವರ್ಷದಿಂದ ಒಂದು ಗೇಮ್ ಮಾಡುತ್ತಿದ್ದಳು. ಅಂತರಿಕ್ಷದ ಆಟ. ಒಂದು ಗ್ರಹದಿಂದ ಇನ್ನೊಂದಕ್ಕೆ ಸರಕು ಸಾಗಿಸುವ ಸಣ್ಣ ಹಡಗು, ಅದನ್ನು ಓಡಿಸುವ ಒಬ್ಬ ಹೆಂಗಸು. ಯುದ್ಧ ಇಲ್ಲ, ಗುಂಡು ಇಲ್ಲ. ಗ್ರಹ ಹತ್ತಿರ ಬಂದಾಗ ಅದರ ಸೆಳೆತಕ್ಕೆ ಸಿಕ್ಕಿಬೀಳದಂತೆ ವೇಗ ಇಳಿಸಬೇಕು. “ತೊಪ್ಪೂರು ಘಾಟಲ್ಲಿ ಲೋಡ್ ಲಾರಿ ಇಳಿಸ್ತಾರಲ್ಲ ಮಾಮಾ, ಅದೇ ಅಂತ ತಿಳ್ಕೊ,” ಎಂದು ನನಗೆ ವಿವರಿಸಿದ್ದಳು.

ಗೇಮನ್ನು ಇಂಟರ್‌ನೆಟ್ಟಿನ ಅಂಗಡಿಯಲ್ಲಿ ಇಡಲು ಒಂದು ಮುಖಚಿತ್ರ ಬೇಕಿತ್ತು. ಸೋಮವಾರದೊಳಗೆ ಕಳಿಸಬೇಕು. ಅವಳ ಬಳಿ ಮೂರು ಚಿತ್ರಗಳಿದ್ದವು. ಒಂದು, ಎಲ್ಲಿಯದೋ ಕಲಾವಿದ ಮಾಡಿಕೊಟ್ಟದ್ದು. ಇನ್ನೊಂದು, ಹುಡುಗಿಯರಿಬ್ಬರೇ ಕಂಪ್ಯೂಟರಿನಲ್ಲಿ ಮಾಡಿದ್ದು. ಮೂರನೆಯದು ಸುಬ್ಬರಾಯನ್ ಬರೆದದ್ದು. ಮಗಳು ಕಾಡಿ ಬೇಡಿ ಅಟ್ಟದ ಡಬ್ಬಿ ಇಳಿಸಿದ್ದಳು; ಅವರು ಮೂರು ತಿಂಗಳು ಅದರಲ್ಲೇ ಮುಳುಗಿಹೋಗಿದ್ದರು.

ಶನಿವಾರ ಪ್ರಿಯಾ ಸಪ್ಪೆ ಮುಖ ಮಾಡಿಕೊಂಡು ನನ್ನ ಹತ್ತಿರ ಬಂದಳು.

“ಅಪ್ಪ ಬರ್ದಿರೋದು ರೊಂಬ ಚೆನ್ನಾಗೈತೆ ಮಾಮಾ. ಕವರ್‌ಗೆ ಆಗುತ್ತಾ ಅಂತ ಮಾತ್ರ ಗೊತ್ತಾಗ್ತಾ ಇಲ್ಲ. ನಾನೇ ಬ್ಯಾಡ ಅಂದ್ರೆ ಅಪ್ಪ ಇನ್ನು ಬ್ರಷ್ ಮುಟ್ಟಲ್ಲ.”

“ನಿಮ್ಮತ್ತೇನ ಕೇಳು. ಯಾರು ಬರ್ದಿದ್ದು ಅಂತ ಮಾತ್ರ ಯೋಳ್ಬ್ಯಾಡ,” ಎಂದೆ. ಹೊಗಳಿದರೆ ಸರಿಹೋಯಿತು, ತೆಗಳಿದರೂ ಮಗಳ ಬಾಯಿಂದ ಬಂದಂತೆ ಆಗುವುದಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಭಾನುವಾರ ತಿಂಡಿ ಮುಗಿಸಿಕೊಂಡು ಅಕ್ಕ ಅಣ್ಣನ ಮನೆಗೆ ಬಂದಳು, ನಾನೂ ಹೋದೆ. ಪ್ರಿಯಾ ಮೂರು ಚಿತ್ರಗಳನ್ನೂ ದೊಡ್ಡದಾಗಿ ಪ್ರಿಂಟ್ ಮಾಡಿಸಿಟ್ಟಿದ್ದಳು. ಸುಬ್ಬರಾಯನ್ ಜಗುಲಿಯ ಮೂಲೆಯಲ್ಲಿ ಪೇಪರ್ ಅಗಲಿಸಿ ಕೂತಿದ್ದರು. ಅರ್ಧ ಗಂಟೆಯಾದರೂ ಒಂದು ಪುಟ ತಿರುವಲಿಲ್ಲ.

ಅಕ್ಕ ಚಿತ್ರಗಳನ್ನು ನೋಡಲೇ ಇಲ್ಲ. “ಇದು ಯಾವ ಕಪಾಟಲ್ಲಿ ಕೂತ್ಕೊಳ್ಳುತ್ತೆ? ಮೊದ್ಲು ಅದನ್ನ ತೋರ್ಸು,” ಎಂದಳು.

ಪ್ರಿಯಾ ಫೋನಿನಲ್ಲಿ ಆ ಅಂಗಡಿಯನ್ನು ತೆರೆದು ತೋರಿಸಿದಳು. ಸಾಲು ಸಾಲು ಚಿತ್ರಗಳು, ಒಂದೊಂದೂ ಹೆಬ್ಬೆರಳಿನ ಅಗಲ.

“ಇಷ್ಟೇ ಜಾಗಾನಾ? ಇದಕ್ಕೆ ಬೆಡ್‌ಶೀಟ್ ಅಗಲ ಯಾಕೆ ಬರೆಸಿದ್ದೀಯ? ಮುರುಗೇಶಾ, ಮೂರನ್ನೂ ತಕ್ಕೊಂಡು ಎದುರುಮನೆ ಮೆಟ್ಲತ್ರ ಓಗಿ ನಿಂತ್ಕೊ. ಒಂದೊಂದೇ ಎತ್ತಿ ಇಡ್ಕೊ.”

ಐವತ್ತೆರಡು ವರ್ಷದ ನಾನು ಬೀದಿಯಾಚೆ ಬ್ಯಾನರ್ ಕಂಬದ ಹಾಗೆ ನಿಂತೆ. ನೀರಿನ ಕ್ಯಾನ್ ಹಾಕುವ ಆಟೋದವನು ನಿಲ್ಲಿಸಿ, ಯಾವ ಪಾರ್ಟಿ ಎಂದು ತಮಿಳಿನಲ್ಲಿ ಕೇಳಿ ನಕ್ಕು ಹೋದ.

ಮೊದಲನೆಯದರಲ್ಲಿ ಹಡಗೊಂದು ಬೆಂಕಿ ಉಗುಳುತ್ತಿತ್ತು. “ಇಂತದ್ದು ಆ ಫೋನಲ್ಲೇ ಅತ್ತಿಪ್ಪತ್ತು ಐತೆ. ಪಕ್ಕದ್ದರ ಜತೆ ಬೆರೆತೋಗುತ್ತೆ, ಎತ್ತಿಡು,” ಎಂದಳು ಅಕ್ಕ.

ಎರಡನೆಯದರ ತುಂಬ ಕೊಳವೆಗಳು, ತಿರುಪುಗಳು. “ಇವೆಲ್ಲ ಏನೇ?”

“ಎಂಜಿನ್ ಅತ್ತೆ. ಅದನ್ನ ಮಾಡೋಕೇ ನಮ್ಗೆ ಎಂಟು ತಿಂಗಳಾಯ್ತು.”

“ಗುರ್ವಾರದೋರ ಮಾತನ್ನೇ ನೀನೂ ಆಡ್ತೀಯಲ್ಲ.”

ಪ್ರಿಯಾ ನಾಲಿಗೆ ಕಚ್ಚಿಕೊಂಡಳು. ನಾನು ಮೂರನೆಯದನ್ನು ಎತ್ತಿದೆ. ಹನ್ನೊಂದು ಗ್ರಹಗಳು, ಸುತ್ತಲೂ ಸೀರೆಯಂಚಿನ ಹಾಗೆ ಉಲ್ಕೆಗಳ ಸಾಲು, ಒಂದೊಂದು ನಕ್ಷತ್ರಕ್ಕೂ ಬೇರೆ ಬೇರೆ ಬಣ್ಣ. ನಡುವೆ ಆ ಸಣ್ಣ ಹಡಗು. ಅಕ್ಕ ಬಹಳ ಹೊತ್ತು ನೋಡಿದಳು.

“ದೂರಕ್ಕೆ ಬಣ್ಣ ಕಲ್ಸಿದಂಗೆ ಕಾಣುತ್ತೆ. ತನಗೆ ಬರೋದನ್ನೆಲ್ಲಾ ಒಂದೇ ಸೀರೇಲಿ ನೇಯ್ದುಬಿಟ್ಟವ್ರೆ. ಇದು ಇಂಗೇ ಇಟ್ರೆ ಓಗಲ್ಲ.”

ಪೇಪರ್ ಕೆಳಗಿಳಿಯಿತು. ಸುಬ್ಬರಾಯನ್ ಅದನ್ನು ಸುತ್ತಿ ಕಂಕುಳಿಗಿಟ್ಟುಕೊಂಡು ಒಳಗೆ ಹೋಗಲು ಎದ್ದರು. ಪ್ರಿಯಾಳ ಕಣ್ಣು ತುಂಬಿತು. ಬೇಡದ ಉಪಾಯ ಹೇಳಿ ಒಬ್ಬ ಮನುಷ್ಯನ ಕೈಯನ್ನೇ ಕಟ್ಟಿಹಾಕಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

“ಅಣ್ಣಾ, ಕೂತ್ಕೊ. ನಾನಿನ್ನೂ ಮುಗ್ಸಿಲ್ಲ,” ಎಂದಳು ಅಕ್ಕ.

ಮೂರನೆಯ ಚಿತ್ರವನ್ನು ತರಿಸಿ ತೊಡೆಯ ಮೇಲೆ ಹರಡಿಕೊಂಡಳು. ಈ ತುದಿಯಿಂದ ಆ ತುದಿಗೆ ಒಂದು ಸಲ ಅಂಗೈ ಸವರಿದಳು. ಆಮೇಲೆ ಮಡಿಸತೊಡಗಿದಳು. ಎಡದ ಐದು ಗ್ರಹಗಳು ಹಿಂದಕ್ಕೆ ಹೋದವು, ಬಲದ ಆರೂ ಹೋದವು. ಉಲ್ಕೆಗಳ ಅಂಚು ಒಳಸೇರಿತು, ಹಡಗಿನ ಮೂತಿ, ಬಾಲ ಎರಡೂ ಮರೆಯಾದವು. ಕೊನೆಗೆ ಉಳಿದದ್ದು ಅಂಗೈಯಗಲದ ಜಾಗ. ಅಲ್ಲಿ ಹಡಗಿನ ಕಿಟಕಿ, ಕಿಟಕಿಯಲ್ಲಿ ಆ ಹೆಂಗಸು. ತೋಳಿನ ಮೇಲೆ ಗದ್ದ ಊರಿ, ಕೈಯಲ್ಲಿ ಸ್ಟೀಲ್ ಲೋಟ ಹಿಡಿದು ಹೊರಗೆ ನೋಡುತ್ತಿದ್ದಳು. ಯಾವುದೋ ಗ್ರಹದ ಕೆಂಪು ಬೆಳಕು ಅರ್ಧ ಮುಖಕ್ಕೆ ಬಿದ್ದಿತ್ತು. ಇಡೀ ಚಿತ್ರ ನೋಡಿದಾಗ ಅವಳು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಈಗ ಅಕ್ಕನೇ ಅದನ್ನು ಎತ್ತಿ ಹಿಡಿದಳು. ನನ್ನನ್ನು ಮತ್ತೆ ಬೀದಿಯಾಚೆ ಅಟ್ಟಿದಳು. ಅಲ್ಲಿಂದ ಗೆರೆಗಳೇನೂ ಕಾಣಲಿಲ್ಲ. ಕತ್ತಲೆಯ ನಡುವೆ ಕೆಂಪಗೆ ಬೆಳಗಿದ ಒಂದು ಮುಖ ಮಾತ್ರ ಕಂಡಿತು. ಇವಳು ಏನನ್ನು ನೋಡುತ್ತಿದ್ದಾಳೆ ಎಂದು ನನಗೆ ತಿಳಿಯಬೇಕೆನಿಸಿತು. ಕಾಲು ತಾನಾಗಿಯೇ ಬೀದಿ ದಾಟಿ ಹತ್ತಿರ ಬಂತು. ನಮ್ಮ ಮಳಿಗೆಯ ಗಿರಾಕಿಗಳೂ ಹೀಗೇ ಕಪಾಟಿನತ್ತ ಬರುತ್ತಿದ್ದರು, ನಾನು ಬಾಯಿ ತೆರೆಯುವ ಮೊದಲೇ. ಅದು ನನಗೆ ಹೊಳೆದದ್ದು ಆಗ.

“ಮಿಕ್ಕಿದ್ದೆಲ್ಲಾ ಬಿಸಾಡೋದಾ?” ಸುಬ್ಬರಾಯನ್ ತಡೆಯಲಾರದೆ ಕೇಳಿದರು. “ಅನ್ನೊಂದು ಗ್ರಹ ಬರ್ದಿದ್ದೀನಿ ನಾನು.”

ಗುಟ್ಟು ಹೊರಬಿತ್ತು. ಪ್ರಿಯಾ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ.

“ಬಿಸಾಡೋಕೆ ನಾನೇನು ಕತ್ರಿ ಆಕಿದ್ನಾ? ಎಲ್ಲಾ ಒಳಗೇ ಐತೆ. ಕೊಂಡ್ಕೊಂಡೋರು ಬಿಚ್ಚಿ ನೋಡ್ತಾರೆ.”

“ಔದಪ್ಪಾ,” ಎಂದಳು ಪ್ರಿಯಾ ಉತ್ಸಾಹದಿಂದ. “ಗೇಮ್ ಓಪನ್ ಮಾಡಿದ್ ತಕ್ಷಣ ಆ ಕಿಟಕಿ ಇಂದಕ್ಕೆ ಸರೀತಾ ಓಗ್ಲಿ, ನೀನು ಬರ್ದಿರೋದು ಪೂರ್ತಿ ಸ್ಕ್ರೀನ್ ತುಂಬ್ಕೊಳ್ಳಲಿ. ಅಂಗೇ ಮಾಡ್ತೀನಿ.”

ಅವರು ಮಗಳ ಕಡೆ ತಿರುಗಲಿಲ್ಲ, ತಂಗಿಯನ್ನೇ ನೋಡುತ್ತಿದ್ದರು. “ನಾನು ಬರ್ದಿದ್ದು ಅಂತ ನಿಂಗೆ ಗೊತ್ತಿತ್ತಾ ಪೊನ್ನಾ?”

“ಮೂವತ್ತು ವರ್ಷ ನಿನ್ನ ಗ್ರಾಫಿನ ಸೀರೆ ಮಡ್ಸಿದ್ದೀನಿ. ನಿನ್ನ ಕೈ ನಂಗೆ ಗೊತ್ತಾಗಲ್ವಾ?”

“ಗೊತ್ತಿದ್ದೂ ಅಂಗಂದ್ಯಾ?”

“ಬೇರೆ ಯಾರ್ದಾದ್ರೂ ಆಗಿದ್ರೆ ಇದನ್ನೂ ಎತ್ತಿಡು ಅಂತ ಯೋಳಿ ಕಾಫಿ ಕುಡ್ದು ಎದ್ದೋಗ್ತಿದ್ದೆ.”

ಸುಬ್ಬರಾಯನ್ ಮತ್ತೆ ಕೂತರು. ಕಂಕುಳಿನ ಪೇಪರನ್ನು ಪಕ್ಕಕ್ಕಿಟ್ಟು ಕೇಳಿದರು: “ನನ್ನ ನವಿಲಿನ ಸೆರಗು ಇತ್ತಲ್ಲ, ಅದನ್ನಾದ್ರೂ ಒರಗೆ ಕಾಣಂಗೆ ಮಡ್ಸಿದ್ದಾ?”

“ಒಂದ್ಸಲಾನೂ ಇಲ್ಲ.”

ಅವರ ಮುಖ ಚಿಕ್ಕದಾಯಿತು. ಅಕ್ಕ ಮಡಿಕೆಯನ್ನು ಬಿಚ್ಚುತ್ತ, ಗೆರೆ ಬಿದ್ದ ಕಡೆಯೆಲ್ಲ ಅಂಗೈಯಿಂದ ಸವರುತ್ತ ಹೇಳಿದಳು:

“ಒರಗಿರೋದ್ನ ದಿನಕ್ಕೆ ಇಪ್ಪತ್ತು ಜನ ಮುಟ್ತಾರೆ. ಬೆವ್ರು ಕೈ, ಎಣ್ಣೆ ಕೈ. ಅಂಚು ತಡ್ಕೊಳ್ಳುತ್ತೆ, ಅದನ್ನ ಇಟ್ಟೆ. ನಿನ್ನ ನವಿಲು ಯಾಕೆ ಕಂಡೋರ ಕೈಗೆಲ್ಲಾ ಸಿಗ್ಬೇಕು? ತಕ್ಕೊಂಡೋಳು ಮನೇಗೋಗಿ ಬಿಚ್ಚುದಾಗ ಅವಳೇ ಮೊದ್ಲು ನೋಡ್ಲಿ ಅಂತ ಒಳಗೆ ಬಚ್ಚಿಟ್ಟೆ.”

“ಇದನ್ನ ಅವಾಗ್ಲೇ ಯೋಳೋದಲ್ವಾ?”

“ನೀನು ಕೇಳಿದ್ದು ಇವತ್ತೇ ಅಲ್ವಾ?”

ಸುಬ್ಬರಾಯನ್ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು. ಆಮೇಲೆ ಅವರು ಒಳಗೆ ಹೋಗಿ ಹೊಸ ಹಾಳೆ, ಬಣ್ಣ ತಂದರು. ಆ ಕಿಟಕಿಯೊಂದನ್ನೇ ದೊಡ್ಡದಾಗಿ ಬರೆಯಬೇಕು, ಅಳತೆ ಹೇಳು ಎಂದು ಪ್ರಿಯಾಳನ್ನು ಕೇಳಿ ಗೆರೆ ಹಾಕಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಮುಖ ಮೂಡಿತ್ತು. ಕೆಂಪಿನಲ್ಲಿ ಅದ್ದಿದ ಬ್ರಷ್ಷನ್ನು ಹಾಳೆಗೆ ತಾಗಿಸದೆ ಹಾಗೇ ಹಿಡಿದು, ಅವರು ತಂಗಿಯತ್ತ ತಿರುಗಿದರು.

“ಪೊನ್ನಾ, ಕೆನ್ನೆಗೆ ಇನ್ನೊಂಚೂರು ಕೆಂಪು ಬೇಕಾ? ನೀನು ಯೋಳು.”