ನಾಲ್ಕು ಊರಿನ ಟೇಪು

ಹೋದ ವರ್ಷ ಏಪ್ರಿಲ್ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ, ನ್ಯಾಮತಿಯಲ್ಲಿ ಮನೆ ಅಳೆಯಲು ಬಂದ ಕಂದಾಯ ನಿರೀಕ್ಷಕರ ಟೇಪನ್ನು ಟೈಲರ್ ಹಾಲಮ್ಮ ಮೊದಲು ತಾವು ಅಳೆದರು. ನಿರೀಕ್ಷಕರು ತಮ್ಮ ಉಕ್ಕಿನ ಟೇಪನ್ನು ಐದು ಅಡಿ ಎಳೆದು ಹಿಡಿದು ನಿಂತರು. ಹಾಲಮ್ಮ ಕೊರಳಲ್ಲಿದ್ದ ಹೊಲಿಗೆಯ ಟೇಪನ್ನು ತೆಗೆದು ಅದರ ಪಕ್ಕಕ್ಕೆ ಹಿಡಿದರು. ಅರವತ್ತು ಇಂಚು ಬರಬೇಕಾದ ಕಡೆ ಒಂದೂವರೆ ಇಂಚು ಕಡಿಮೆ ಬಂತು.

“ನೋಡ್ರಿ, ಇವರ ಇಂಚೇ ಸಣ್ಣ ಐತೆ,” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. “ಇಂಚು ಸಣ್ಣ ಮಾಡಿದ್ರೆ ಮನೆ ದೊಡ್ಡದಾಗ್ತೈತೆ. ಮನೆ ದೊಡ್ಡದಾದ್ರೆ ಕಂದಾಯ ದೊಡ್ಡದಾಗ್ತೈತೆ.”

ನಾನು ಅಲ್ಲೇ ನಿಂತಿದ್ದೆ. ಜಿಲ್ಲಾ ಪತ್ರಿಕೆಯೊಂದಕ್ಕೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳ ಸುದ್ದಿ ಬರೆಯುವುದು ನನ್ನ ಕೆಲಸ. ಹಾಲಮ್ಮನವರ ಮನೆಯ ಎದುರಿನ ಮಹಡಿಯಲ್ಲಿ ಬಾಡಿಗೆಗಿದ್ದೆ. ಅವರ ಅಂಗಡಿಯ ಬೆಂಚಿನ ಮೇಲೆ ಕೂತರೆ ಊರಿನ ಅರ್ಧ ಸುದ್ದಿ ತಾನಾಗಿ ಬರುತ್ತಿತ್ತು. ಉಳಿದರ್ಧವನ್ನು ಹಾಲಮ್ಮ ನಂಬುತ್ತಿರಲಿಲ್ಲ, ಹಾಗಾಗಿ ಹೇಳುತ್ತಿರಲಿಲ್ಲ.

ಅವರಿಗೆ ಆಗ ಅರವತ್ತು ದಾಟಿತ್ತು. ತವರು ಸಂತೇಬೆನ್ನೂರು. ಹೊಲಿಗೆ ಕಲಿತದ್ದೂ ಅಲ್ಲೇ. ಮದುವೆಯಾಗಿ ನ್ಯಾಮತಿಗೆ ಬಂದು, ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯನ್ನು ಅಂಗಡಿ ಮಾಡಿಕೊಂಡವರು. ಮಕ್ಕಳಿರಲಿಲ್ಲ. ಊರಿನ ಹೆಂಗಸರ ಬ್ಲೌಸು ಹೊಲಿಯುವುದರಲ್ಲಿ ಅವರಿಗೆ ಸರಿಸಾಟಿಯಿರಲಿಲ್ಲ. ಯಾರನ್ನೂ ಯಾವುದನ್ನೂ ನಂಬದಿರುವುದರಲ್ಲೂ ಇರಲಿಲ್ಲ. ನಾನು ಕೊಟ್ಟ ಪತ್ರಿಕೆಯಲ್ಲಿ ಮೊದಲು ತಾರೀಕು ನೋಡುತ್ತಿದ್ದರು, ನಿನ್ನೆಯದನ್ನು ಕೊಟ್ಟಿದ್ದೇನೋ ಎಂದು. ಬ್ಲೌಸಿನ ಬಟ್ಟೆ ತಂದವರ ಎದುರಿಗೇ ಅದನ್ನು ಅಳೆದು, ಎಷ್ಟಿದೆ ಎಂದು ಅವರ ಬಾಯಲ್ಲೇ ಹೇಳಿಸುತ್ತಿದ್ದರು. ಸಂಜೆ ಬಾಗಿಲು ಹಾಕುವಾಗ ತಮ್ಮ ದೊಡ್ಡ ಕತ್ತರಿಯನ್ನು ಟೇಪಿನ ತುದಿಗೆ ಕಟ್ಟಿ ಕಿಟಕಿಯ ಮೇಲಿನ ಮೊಳೆಗೆ ನೇತು ಹಾಕುತ್ತಿದ್ದರು. ಯಾರಾದರೂ ಕಿಟಕಿಯಿಂದ ಕೈ ಹಾಕಿದರೆ ಕತ್ತರಿ ಸರಳಿಗೆ ಬಡಿದು ಸದ್ದಾಗಬೇಕು ಎಂಬುದು ಲೆಕ್ಕ. ಯಾರೂ ಕೈ ಹಾಕಿದ್ದಿಲ್ಲ.

ಲೈನಿಂಗ್ ಬಟ್ಟೆಗೆ ಅವರು ಹೊನ್ನಾಳಿಗೆ ಹೋಗುತ್ತಿದ್ದರು. ಅಲ್ಲಿಯ ಅಂಗಡಿಯವರು ಮೀಟರಿಗೆ ಒಂದು ಇಂಚು ಕಡಿಮೆ ಕೊಡುತ್ತಾರೆಂದು ಅವರ ದೂರು. ಅಂಗಡಿಯವರು ಮೊದಮೊದಲು ವಾದ ಮಾಡಿ, ಆಮೇಲೆ ಬೇಸತ್ತು, ಮೀಟರಿಗೆ ಒಂದು ಇಂಚು ಸೇರಿಸಿಯೇ ಕತ್ತರಿಸತೊಡಗಿದ್ದರು. ಇದನ್ನು ಹಾಲಮ್ಮ ತಪ್ಪೊಪ್ಪಿಗೆ ಎಂದೇ ತಿಳಿದಿದ್ದರು.

ಕಂದಾಯದ ಚೀಟಿಯನ್ನು ಸಾಲು ಸಾಲಾಗಿ ಓದಲು ನನಗೆ ಕಲಿಸಿದವರು ಇವರೇ. ನಾನು ಒಟ್ಟು ಮೊತ್ತ ನೋಡಿ ಮಡಚಿಡುವವನು. ಅವರು ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಹೋಗುತ್ತಿದ್ದರು. ಆಸ್ತಿ ತೆರಿಗೆ ಒಂದು. ಅದರ ಮೇಲೆ ಆರೋಗ್ಯದ್ದು, ಗ್ರಂಥಾಲಯದ್ದು, ಭಿಕ್ಷುಕರದ್ದು ಎಂದು ಉಪಕರಗಳು. ಕಸದ ಶುಲ್ಕ ಬೇರೆ. ನೀರಿನದು ಅದರಲ್ಲಿ ಸೇರುವುದಿಲ್ಲ, ಅದಕ್ಕೆ ಇನ್ನೊಂದು ಬಿಲ್ಲು. ಪ್ರತಿ ಸಾಲಿಗೂ ತಾವು ಕೊಟ್ಟದ್ದಕ್ಕೆ ಏನು ಬಂತು ಎಂದು ನೋಡುವುದು ಅವರ ಪದ್ಧತಿ. ಗ್ರಂಥಾಲಯ ಉಪಕರ ಕಟ್ಟುತ್ತೇನೆ ಎಂಬ ಒಂದೇ ಕಾರಣಕ್ಕೆ ಪ್ರತಿ ಶುಕ್ರವಾರ ಹೋಗಿ ಒಂದು ಗಂಟೆ ಓದುವ ಮೇಜಿನ ಮುಂದೆ ಕೂತು ಬರುತ್ತಿದ್ದರು. ಏನು ಓದಿದಿರಿ ಎಂದು ಕೇಳಿದರೆ, ಓದುವುದು ಮುಖ್ಯವಲ್ಲ, ಫ್ಯಾನಿನ ಕೆಳಗೆ ಕೂತೆ ಎನ್ನುತ್ತಿದ್ದರು. ಅಂಗಡಿಗೆ ಭಿಕ್ಷೆಗೆ ಬಂದ ಮುದುಕನೊಬ್ಬನಿಗೆ ಒಮ್ಮೆ, “ನಿಂದು ಏಪ್ರಿಲ್‌ನಾಗೇ ಕಟ್ಟೀನಿ. ರಶೀದಿ ಐತೆ, ತೋರ್ಸ್ಲಾ?” ಎಂದರು. ಅವನು ತೋರಿಸಿ ಎಂದು ಕೂತುಬಿಟ್ಟ. ರಶೀದಿ ತೋರಿಸಿ, ಊಟ ಹಾಕಿ ಕಳಿಸಿದರು.

ಗ್ರಾಮ ಪಂಚಾಯ್ತಿ ಹೋಗಿ ಪಟ್ಟಣ ಪಂಚಾಯ್ತಿ ಬಂದ ಮೇಲೆ ಬೀದಿಯವರ ಕೈಗೆ ಹೊಸ ನಮೂನೆ ಬಂತು. ಮನೆಯ ಉದ್ದ ಅಗಲ ಎಷ್ಟು, ಛಾವಣಿ ಕಾಂಕ್ರೀಟಿನದೋ ಶೀಟಿನದೋ, ಕಟ್ಟಿ ಎಷ್ಟು ವರ್ಷವಾಯಿತು, ಸ್ವಂತಕ್ಕೋ ಬಾಡಿಗೆಗೋ ಅಂಗಡಿಗೋ ಎಂದು ಮಾಲೀಕರೇ ಬರೆದು ಸಹಿ ಮಾಡಿ ಕೊಡಬೇಕು. ಸ್ವಯಂ ಘೋಷಣೆ ಎಂದು ಅದರ ಹೆಸರು. ಬೀದಿಯವರಿಗೆ ಇದು ಅನುಕೂಲವೆನಿಸಿತು. ಹಾಲಮ್ಮನವರಿಗೆ ಇಲ್ಲ.

“ನೀವೇ ಹೇಳ್ರಿ ಅಂತಾರೆ ಅಂದ್ರೆ, ನೀವು ತಪ್ಪು ಹೇಳ್ಲಿ ಅಂತ ಕಾಯ್ತಾ ಕುಂತಾರೆ ಅಂತ ಅರ್ಥ,” ಎಂದರು.

ಹಾಗಾಗಿ ತಪ್ಪಾಗಬಾರದೆಂದು ತಾವೇ ಟೇಪು ಹಿಡಿದು ಹೊರಟರು. ಮೊದಲು ಪಕ್ಕದ ಮನೆ, ಆಮೇಲೆ ಅದರ ಪಕ್ಕದ್ದು. ಒಟ್ಟು ಹನ್ನೊಂದು ಮನೆ. ಅಳೆಯುವ ಕ್ರಮ ನಾನು ನೋಡಿದ್ದೇನೆ. ಟೇಪಿನ ಸೊನ್ನೆಯ ತುದಿಯನ್ನು ಮನೆಯವರ ಕೈಗೆ ಕೊಡುತ್ತಿದ್ದರು. ಇನ್ನೊಂದು ತುದಿ ಮುಟ್ಟಿದ ಕಡೆ ಗೋಡೆಗೆ ಹೊಲಿಗೆಯ ಸೀಮೆಸುಣ್ಣದಿಂದ ಗೆರೆ ಎಳೆದು, ಅಲ್ಲಿಂದ ಮತ್ತೆ ಸೊನ್ನೆ. ಅಂಕಿಯನ್ನು ತಾವು ಒಮ್ಮೆ ಹೇಳಿ, ಮನೆಯವರಿಂದ ಒಮ್ಮೆ ಹೇಳಿಸಿ, ಆಮೇಲೆ ಬರೆಯುತ್ತಿದ್ದರು. ಇಷ್ಟು ಜಾಗ್ರತೆಯಾಗಿ ಮನೆ ಅಳೆದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಹನ್ನೊಂದರಲ್ಲಿ ಪಕ್ಕದ ಮನೆ ಗಂಗಾಧರನದು. ಬೇಕರಿಯಲ್ಲಿ ಕೆಲಸ. ಶೀಟಿನ ಮನೆಗೆ ಕಾಂಕ್ರೀಟು ಹಾಕಿಸಲು ಬ್ಯಾಂಕಿನ ಸಾಲಕ್ಕೆ ಓಡಾಡುತ್ತಿದ್ದ. ಬ್ಯಾಂಕಿನವರು ಇ-ಖಾತಾ ತನ್ನಿ ಎಂದಿದ್ದರು. ಇ-ಖಾತಾ ಬೇಕಾದರೆ ಕಂದಾಯದ ಘೋಷಣೆ ಸರಿ ಇರಬೇಕು. ಶೀಟು ತೆಗೆಸಿ ಮಳೆಗಾಲದ ಮೊದಲು ಛಾವಣಿ ಮುಗಿಸಬೇಕೆಂದು ಮೇಸ್ತ್ರಿಗೂ ಹೇಳಿ ಆಗಿತ್ತು.

ಆ ಮಂಗಳವಾರ ನಿರೀಕ್ಷಕರು ಬಂದದ್ದು ಘೋಷಣೆಗಳನ್ನು ತಾಳೆ ನೋಡಲು. ಜಗಳೂರು ಕಡೆಯ ಹುಡುಗು ಮುಖದ ಅಧಿಕಾರಿ, ಮಾತು ಕಡಿಮೆ. ತಮ್ಮ ಟೇಪನ್ನು ಹಾಲಮ್ಮ ಅಳೆದಾಗಲೂ ಸಿಟ್ಟಾಗಲಿಲ್ಲ. ಹನ್ನೊಂದು ಮನೆಯನ್ನೂ ಅಳೆದರು. ಹನ್ನೊಂದೂ ಘೋಷಣೆಗಿಂತ ದೊಡ್ಡದಾಗಿದ್ದವು. ಅಳತೆ ಕಡಿಮೆ ತೋರಿಸಿದ್ದಕ್ಕೆ ದಂಡ ಏಕೆ ಹಾಕಬಾರದು, ತಿಂಗಳ ಕೊನೆಯೊಳಗೆ ಉತ್ತರ ಕೊಡಿ ಎಂದು ಮನೆಮನೆಗೂ ನೋಟಿಸು ಬಂತು. ಗಂಗಾಧರನ ಇ-ಖಾತಾ ಅರ್ಜಿ ಅಲ್ಲಿಗೆ ನಿಂತಿತು.

ನಾನು ಅಂದೇ ಎರಡು ಪ್ಯಾರಾ ಬರೆದು ಕಳಿಸಿದೆ. ಮನೆಗಳ ಅಳತೆಯಲ್ಲಿ ವ್ಯತ್ಯಾಸ, ಅಧಿಕಾರಿಯ ಟೇಪಿನ ಬಗ್ಗೆ ನಿವಾಸಿಗಳ ಸಂಶಯ ಎಂದು. ದಾವಣಗೆರೆಯಿಂದ ಸುದ್ದಿ ಸಂಪಾದಕರ ಫೋನು ಬಂತು. ಎರಡು ಟೇಪು ಅಂತ ಬರೆದಿದ್ದೀಯ, ಎರಡರಲ್ಲಿ ಯಾವುದು ಸರಿ ಎಂದು ನೋಡಿದೆಯಾ ಎಂದು ಕೇಳಿದರು. ನೋಡಿರಲಿಲ್ಲ. ಸುದ್ದಿ ಪ್ರಕಟವಾಗಲಿಲ್ಲ.

ಮರುದಿನ ನ್ಯಾಮತಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಉಕ್ಕಿನ ಟೇಪು ಕೊಂಡು ಹಾಲಮ್ಮನವರಿಗೆ ಕೊಟ್ಟೆ. ತಮ್ಮದರ ಪಕ್ಕ ಇಟ್ಟು ನೋಡಿದರು. ಅದರ ಇಂಚೂ ಸಣ್ಣದಾಗಿತ್ತು.

“ಆಫೀಸಿನೋರೂ ಇದೇ ಅಂಗಡ್ಯಾಗೆ ತಗಂಡಿರ್ತಾರೆ. ಹೊನ್ನಾಳಿಂದ ತಗಂಬಾ,” ಎಂದರು.

ಹೊನ್ನಾಳಿಯಿಂದ ತಂದೆ. ಅದೂ ಹಾಗೇ. ಎರಡು ಊರಿಗೂ ಒಂದೇ ಲಾರಿಯಲ್ಲಿ ಬಂದಿರಬಹುದು ಎಂದರು. ಶನಿವಾರ ಚನ್ನಗಿರಿಗೆ ಹೋದಾಗ ಅಲ್ಲಿಂದ ಒಂದು ತಂದೆ. ಅದನ್ನು ತಮ್ಮದರ ಪಕ್ಕ ಎರಡು ಸಲ ಹಿಡಿದು ನೋಡಿದರು, ಅದೂ ಹಾಗೇ ಇತ್ತು. ಸೋಮವಾರ ನಾನು ಜಗಳೂರಿಗೆ ಹೊರಟಿದ್ದೆ. ಜಗಳೂರು ಆ ಅಧಿಕಾರಿಯ ಊರು, ಅಲ್ಲಿಯದು ಬೇಡವೇನೋ ಎಂದೆ.

“ಅಲ್ಲಿಂದೇ ತಗಂಬಾ ಪೇಪರಪ್ಪ. ಈ ಸಣ್ಣ ಇಂಚು ಎಲ್ಲಿ ಹುಟ್ತೈತೆ ಅಂತ ಗೊತ್ತಾಗ್ಲಿ.”

ಮಂಗಳವಾರ ಬೆಳಿಗ್ಗೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಾಲ್ಕು ಊರಿನ ನಾಲ್ಕು ಟೇಪನ್ನೂ ಅವರೇ ಸಾಲಾಗಿ ಹಾಸಿದರು. ನಾಲ್ಕು ತುದಿಯನ್ನೂ ಮೇಜಿನ ಅಂಚಿಗೆ ಸೇರಿಸಿ, ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟರು. ಐದು ಅಡಿಯ ಗೆರೆಗಳು ನಾಲ್ಕೂ ಒಂದೇ ನೇರಕ್ಕೆ ನಿಂತವು. ಐದನೆಯದಾಗಿ ತಮ್ಮದನ್ನು ಹಾಸಿದರು. ಅದರ ಅರವತ್ತನೇ ಇಂಚು ಒಂದೂವರೆ ಇಂಚು ಆಚೆಗೆ ಹೋಗಿತ್ತು.

ಅವರು ಕಿಟಕಿಯ ಮೇಲಿನ ಮೊಳೆಯನ್ನು ನೋಡಿದರು, ಆಮೇಲೆ ಕತ್ತರಿಯನ್ನು ಎತ್ತಿ ಅಂಗೈಯಲ್ಲಿ ಅದರ ಭಾರ ನೋಡಿದರು. ಎಷ್ಟೋ ವರ್ಷ ಪ್ರತಿ ರಾತ್ರಿ ಆ ಭಾರ ಟೇಪನ್ನು ಜಗ್ಗುತ್ತಲೇ ಇತ್ತು.

“ಒಂದು ಬ್ಲೌಸೂ ಕೆಟ್ಟಿಲ್ಲಲ್ಲ,” ಎಂದರು. ಅದು ಸಂಶಯವೂ ಅಲ್ಲ, ವಾದವೂ ಅಲ್ಲ, ನಿಜವಾಗಿ ಕೇಳಿದ್ದು. ಉತ್ತರವನ್ನೂ ಅವರೇ ಕಂಡುಕೊಂಡರು. “ಮೈ ಅಳ್ಯೋದೂ ಇದ್ರಾಗೇ, ಬಟ್ಟೆ ಅಳ್ಯೋದೂ ಇದ್ರಾಗೇ. ಹೆಂಗೆ ಕೆಡ್ತೈತೆ.”

ಸ್ವಲ್ಪ ಹೊತ್ತಿನ ಮೇಲೆ ಹೊನ್ನಾಳಿಯ ಬಟ್ಟೆ ಅಂಗಡಿಯವರ ನೆನಪಾಯಿತು. ಹಾಲಮ್ಮನವರ ಮುಖ ನಾಚಿಕೆಯಿಂದ ಕೆಂಪಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ದಿನವೇ ಹನ್ನೊಂದು ಮನೆಗೂ ಹೋಗಿ ತಾವಾಗಿ ಹೇಳಿದರು. ಕೆಲವರು ನಕ್ಕರು. ಕೆಲವರು ಒಳಗೆ ಕರೆಯಲಿಲ್ಲ. ಗಂಗಾಧರ ಬಾಗಿಲಲ್ಲೇ ನಿಂತಿದ್ದ. ನೋಟಿಸು ಅವನ ಕೈಯಲ್ಲಿತ್ತು.

“ಊರೆಲ್ಲ ಕಳ್ರು ಅಂತಿದ್ದೆಲ್ಲ ಹಾಲಕ್ಕ. ಈಗ ಕಾಗದದಾಗೆ ಕಳ್ಳ ಆಗಿರೋನು ನಾನು. ಸಹಿ ನಂದು,” ಎಂದ.

“ಸಹಿ ನಿಂದು. ಅಳತೆ ನಂದು. ಹಂಗಂತ ಬರ್ದು ಕೊಡ್ತೀನಿ,” ಎಂದರು ಹಾಲಮ್ಮ.

“ಬರ್ದು ಕೊಟ್ರೆ ಮಳೆ ನಿಲ್ತೈತಾ?”

ಹಾಲಮ್ಮ ಮುಂದಿನ ಮನೆಗೆ ನಡೆದರು.

ಮರುದಿನ ಅವರ ಜೊತೆ ಕಚೇರಿಗೆ ನಾನೂ ಹೋದೆ. ಐದು ಟೇಪನ್ನೂ ಕೈಚೀಲದಲ್ಲಿ ಹಾಕಿಕೊಂಡಿದ್ದರು. ನಿರೀಕ್ಷಕರ ಮೇಜಿನ ಮೇಲೆ ಅವನ್ನು ಹಾಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದರು. ನಿರೀಕ್ಷಕರು ಎದ್ದು ಬಂದು ನೋಡಿದರು. ಆದರೆ ಘೋಷಣೆಗೆ ಜವಾಬ್ದಾರರು ಸಹಿ ಮಾಡಿದ ಮಾಲೀಕರೇ, ಅಳೆದವರು ಯಾರೆಂದು ಬರೆಯಲು ನಮೂನೆಯಲ್ಲಿ ಕಾಲಂ ಇಲ್ಲ ಎಂದರು.

“ಕಾಲಂ ಇಲ್ದಿದ್ರೆ ಕೆಳಗೆ ಜಾಗ ಐತಲ್ರೀ,” ಎಂದರು ಹಾಲಮ್ಮ.

ನಿರೀಕ್ಷಕರು ನಗಲಿಲ್ಲ. ತಮ್ಮ ವರದಿ ಇನ್ನೂ ಮೇಲೆ ಹೋಗಿಲ್ಲ, ತಿಂಗಳ ಕೊನೆಯೊಳಗೆ ಹನ್ನೊಂದು ಮನೆಯವರೂ ತಿದ್ದಿದ ಘೋಷಣೆ ಕೊಟ್ಟು ವ್ಯತ್ಯಾಸ ಕಟ್ಟಿದರೆ, ತಪ್ಪು ಟೇಪಿನದು ಎಂಬ ಹೇಳಿಕೆಯನ್ನೂ ಲಗತ್ತಿಸಿ ದಂಡ ಬೇಡವೆಂದು ಬರೆಯುತ್ತೇನೆ ಎಂದರು. ಹಾಲಮ್ಮ ಅದನ್ನು ಬರೆದು ಕೊಡಿ ಎಂದು ಕೇಳಿದರು. ಅವರು ಬರೆದು ಕೊಟ್ಟರು. ಹಾಲಮ್ಮ ತಾರೀಕು ಇದೆಯೇ ಎಂದು ನೋಡಿ ಮಡಚಿಕೊಂಡರು.

ಆಮೇಲಿನ ಎಂಟು ದಿನ ಅಂಗಡಿಯ ಬಾಗಿಲು ಅರ್ಧವೇ ತೆರೆದಿರುತ್ತಿತ್ತು. ಬೆಳಿಗ್ಗೆ ಬ್ಲೌಸು, ಮಧ್ಯಾಹ್ನದ ಮೇಲೆ ಮನೆಗಳು. ಈ ಸಲ ಉಕ್ಕಿನ ಟೇಪು. ಒಂದೊಂದು ಗೋಡೆಯನ್ನೂ ಎರಡೆರಡು ಊರಿನ ಟೇಪಿನಿಂದ ಅಳೆದರು. ಒಳಗೆ ಕರೆಯದವರ ಮನೆಯನ್ನು ಹೊರಗಿನಿಂದ ಅಳೆದು, ಗೋಡೆಯ ದಪ್ಪವನ್ನು ಬಾಗಿಲಲ್ಲಿ ನೋಡಿಕೊಂಡರು. ಗಂಗಾಧರನ ಮನೆಯಲ್ಲಿ ಸೊನ್ನೆಯ ತುದಿ ಹಿಡಿದವಳು ಅವನ ಹೆಂಡತಿ. ಅವನು ಒಳಗಿದ್ದರೂ ಬರಲಿಲ್ಲ. ಹನ್ನೊಂದು ಘೋಷಣೆಯ ಕೆಳಗಿನ ಖಾಲಿ ಜಾಗದಲ್ಲೂ ಹಾಲಮ್ಮ ತಮ್ಮ ಹೆಸರು ಬರೆದು ಸಹಿ ಹಾಕಿದರು. ತಮ್ಮ ಮನೆಯದನ್ನೂ ತಿದ್ದಿ ಕೊಟ್ಟರು. ಏಪ್ರಿಲ್ ಮುಗಿಯಲು ಎರಡು ದಿನ ಇರುವಾಗ ಎಲ್ಲವೂ ಸಲ್ಲಿಕೆಯಾದವು. ದಂಡ ಬರಲಿಲ್ಲ. ಗಂಗಾಧರನಿಗೆ ಇ-ಖಾತಾ ಜೂನ್‌ನಲ್ಲಿ ಸಿಕ್ಕಿತು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಆ ವರ್ಷ ಅವನ ಮನೆಗೆ ಕಾಂಕ್ರೀಟು ಬೀಳಲಿಲ್ಲ.

ಬೀದಿಯವರು ಬ್ಲೌಸು ಹೊಲಿಸುವುದನ್ನು ಬಿಡಲಿಲ್ಲ. ಕಾಗದ ತೋರಿಸುವುದನ್ನು ಬಿಟ್ಟರು. ನೀರಿನ ಬಿಲ್ಲು ಬಂದರೂ ಕಸದ ಚೀಟಿ ಬಂದರೂ ಅಂಗಡಿಯ ಮುಂದೆ ಹಾದು, ಮೂಲೆಯ ಜೆರಾಕ್ಸ್ ಅಂಗಡಿಗೆ ಒಯ್ಯುತ್ತಿದ್ದರು. ಗಂಗಾಧರ ಹಾಲಮ್ಮನವರೊಂದಿಗೆ ಮಾತು ಬಿಟ್ಟಿದ್ದ.

ನಾನು ಅವರನ್ನು ಕೊನೆಯ ಸಲ ಕಂಡದ್ದು ಈ ವರ್ಷ ಜನವರಿಯಲ್ಲಿ, ದಾವಣಗೆರೆ ಕಚೇರಿಗೆ ವರ್ಗವಾಗಿ ಮನೆ ಖಾಲಿ ಮಾಡುವ ದಿನ. ಎರಡು ತಿಂಗಳಿಂದ ಅವರ ಕಾಲು ಊದುತ್ತಿತ್ತು. ಮೆಷಿನ್ ತುಳಿಯಲಾಗದೆ ಕೈಹೊಲಿಗೆಯಲ್ಲಿ ಹುಕ್ಕು ಹಾಕುತ್ತಿದ್ದರು. ಡಾಕ್ಟರು ಏನೆಂದರು ಎಂದು ಕೇಳಿದೆ. ಒಬ್ಬರು ಹೃದಯ ಎಂದಿದ್ದಾರೆ, ಇನ್ನೊಬ್ಬರನ್ನು ಕೇಳಬೇಕು ಎಂದರು.

“ಈ ಬೀದಿಯೋರು ನನ್ ಕೇಳಾದು ಬಿಟ್ರು, ಒಳ್ಳೇದೇ ಆತು,” ಎಂದರು. “ಆದ್ರೆ ಆ ಜೆರಾಕ್ಸಿನೋನು ಓದಿ ಹೇಳ್ತಾನೋ ಸುಮ್ನೆ ಹೇಳ್ತಾನೋ, ಯಾರಾನ ನೋಡ್ಯಾರಾ?”

ಫೆಬ್ರುವರಿಯಲ್ಲಿ ಹಾಲಮ್ಮ ತೀರಿಕೊಂಡರು. ಸುದ್ದಿ ನನಗೆ ಮೂರು ದಿನ ತಡವಾಗಿ ತಿಳಿಯಿತು.

ಮನೆ ಈಗ ಸಂತೇಬೆನ್ನೂರಿನಲ್ಲಿರುವ ಅವರ ತಂಗಿಯ ಮಗಳಿಗೆ ಸೇರಬೇಕು. ಖಾತೆ ಬದಲಾವಣೆಗೆ ಅರ್ಜಿ ಬಿದ್ದಿದೆ. ಸ್ಥಳ ಮಹಜರು ಮಾಡಲು ಹೋದ ಸಿಬ್ಬಂದಿ ಮನೆಯನ್ನು ಅಳೆಯಲು ಮುಂದಾದಾಗ, ಕಳೆದ ಏಪ್ರಿಲ್‌ನಲ್ಲಿ ಹಾಲಮ್ಮ ತಿದ್ದಿ ಕೊಟ್ಟ ಅಳತೆ ಸರಿಯಿದೆ, ಅದನ್ನೇ ಇಟ್ಟುಕೊಳ್ಳಬಹುದು ಎಂದು ಅಕ್ಕಪಕ್ಕದವರು ಹೇಳಿಕೆ ಬರೆಸಿದ್ದಾರೆ. ಏಳು ಜನರ ಸಹಿ ಇದೆ. ಮೊದಲನೆಯದು ಗಂಗಾಧರನದು. ತಕರಾರು ಸಲ್ಲಿಸಲು ಇನ್ನೂ ಒಂಬತ್ತು ದಿನ ಬಾಕಿ ಇದೆ. ಈವರೆಗೆ ಒಂದೂ ಬಂದಿಲ್ಲ.