ತೊಳೆದ ನೂರರ ನೋಟು

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಪುಕ್ಕಟೆ ಬಂದದ್ದಲ್ಲ ಅದು. ಈಗ ಅರಸೀಕೆರೆಯಲ್ಲಿ ಕೆಲಸ, ಬಾಡಿಗೆ ಮನೆ, ಹಳೆಯ ನೋಟು ಕೂಡಿಸುವ ಹವ್ಯಾಸ. ಹಾಗಾಗಿ ನೆಂಟರಲ್ಲಿ ಯಾರಿಗೆ ಹಳೇ ನೋಟು ಸಿಕ್ಕಿದರೂ ಫೋನು ನನಗೇ. ಹೆಚ್ಚಿನವು ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ. ಲಕ್ಷ ಬರುತ್ತದೆಂದು ಯಾವುದೋ ವಿಡಿಯೋ ನಂಬಿಸಿರುತ್ತದೆ. ಇಲ್ಲ ಎಂದು ಹೇಳಿ ಹೇಳಿ ನನಗೂ ಸಾಕಾಗಿದೆ.

ಹಳೇಬೀಡಿನ ಚಿಕ್ಕಮ್ಮ ಕಳಿಸಿದ ಫೋಟೋ ಮಾತ್ರ ಬೇರೆ. ಅಜ್ಜಿಯ ಎಲೆಅಡಿಕೆ ಚೀಲದ ಒಳಪದರದಲ್ಲಿ ಸಿಕ್ಕಿದ, ಹಿಂದಿನ ಕಾಲದ ದೊಡ್ಡ ಅಳತೆಯ ನೂರರ ನೋಟು. ಒಂದು ಮಡಿಕೆ, ಅಂಚಿನಲ್ಲಿ ಅಡಿಕೆಯ ಸಣ್ಣ ಕರೆ, ಅಷ್ಟೇ. ಫೋಟೋದಲ್ಲೂ ಕಾಗದ ಗಟ್ಟಿಯಾಗಿ ಕಾಣುತ್ತಿತ್ತು. ಚಿಕ್ಕಮ್ಮ ರವಿಕೆ ಹೊಲಿದು ಬದುಕುವವಳು. ಮಂಡಿನೋವಿನಿಂದ ಮೆಷಿನ್ನು ತುಳಿಯಲು ಆಗುತ್ತಿರಲಿಲ್ಲ.

"ಮಿಷಿನ್ನಿಗೆ ಮೋಟಾರ್ ಹಾಕಿಸ್ಕೊಳ್ಳೋ ಅಷ್ಟು ಬತ್ತದೇನೇ?" ಎಂದಳು.

"ಬರುತ್ತೆ, ತಗೊಂಡು ಬಾ. ನಾನೇ ಕೊಂಡ್ಕೋತೀನಿ" ಎಂದೆ.

ಭಾನುವಾರ ಬಂದಳು. ಎರಡು ರಟ್ಟಿನ ನಡುವಿನಿಂದ ನೋಟು ತೆಗೆದು ಮೇಜಿನ ಮೇಲಿಟ್ಟಳು. ಕರೆ ಇರಲಿಲ್ಲ. ಮಡಿಕೆಯೂ ಇರಲಿಲ್ಲ. ಕೈಗೆತ್ತಿಕೊಂಡರೆ ಹಳೇ ಪಂಚೆಯ ಹಾಗೆ ಮೆತ್ತಗೆ. ಬೆಳಕಿಗೆ ಹಿಡಿದೆ, ಬಣ್ಣ ತೆಳುವಾಗಿತ್ತು.

"ತೊಳೆದ್ಯಾ ಚಿಕ್ಕಮ್ಮ?"

"ಹೂಂ ಕಣೇ, ಅಂಟುವಾಳದ ನೊರೇಲಿ. ಆಮೇಲೆ ಮೇಲೊಂದು ಬಟ್ಟೆ ಹಾಸಿ ಇಸ್ತ್ರಿ ಉಜ್ಜಿದೆ. ಹೆಂಗೈತೆ ನೋಡು, ಹೊಸದರಂಗೆ!"

ಬೈಯಲು ಬಾಯಿ ಬರಲಿಲ್ಲ. ನಮ್ಮ ಮನೆಗಳಲ್ಲಿ ಯಾರ ಎದುರಿಗಾದರೂ ನಿಲ್ಲಬೇಕೆಂದರೆ ಮೊದಲು ಒಗೆಯುವುದು, ಆಮೇಲೆ ಇಸ್ತ್ರಿ. ಕಾಲೇಜು ಸೇರುವ ದಿನ ಇದೇ ಚಿಕ್ಕಮ್ಮ ನನ್ನ ಇದ್ದೊಂದು ಚೂಡಿದಾರವನ್ನು ಕೆಂಡ ತುಂಬಿದ ಚೊಂಬಿನಿಂದ ಉಜ್ಜಿ ಕೊಟ್ಟಿದ್ದಳು. ಕೊಳಕಾಗಿ ಹೋದರೆ ನಮ್ಮಂಥವರನ್ನು ಬಾಗಿಲಲ್ಲೇ ಅಳೆದುಬಿಡುತ್ತಾರೆಂದು ಅವಳಿಗೆ ಗೊತ್ತು. ನೋಟಿಗೂ ಅದನ್ನೇ ಮಾಡಿದ್ದಳು.

"ನೆಂಟಸ್ತಿಕೆ ನೋಡ್ಬ್ಯಾಡ, ಇರೋ ಬೆಲೆ ಹೇಳು" ಎಂದಳು.

ಹೇಳಿದೆ. ಸಂಗ್ರಹಿಸುವವರು ಕಾಗದದ ಮೂಲ ಸ್ಥಿತಿಗೆ ದುಡ್ಡು ಕೊಡುತ್ತಾರೆ, ಕರೆ ಇದ್ದರೂ ಒಪ್ಪುತ್ತಾರೆ. ತೊಳೆದದ್ದು ಗೊತ್ತಾದರೆ ಕಾಲು ಭಾಗಕ್ಕೆ ಇಳಿಸುತ್ತಾರೆ.

"ಅಂದ್ರೆ ಕೊಳೆಗೇ ಬೆಲೆ ಅನ್ನು! ಮೊದ್ಲೇ ಹೇಳಿದ್ರೆ ಒಲೆ ಮೇಲೆ ನೇತಾಕ್ತಿದ್ದೆ" ಎಂದು ನಕ್ಕಳು. ನಗು ಬೇಗ ನಿಂತಿತು. ಮಂಡಿ ಉಜ್ಜಿಕೊಳ್ಳುತ್ತ ಕೂತಳು.

"ನಾನು ಅವತ್ತು ಹೇಳಿದಷ್ಟೇ ಕೊಡ್ತೀನಿ ಚಿಕ್ಕಮ್ಮ."

"ಡಿಗ್ರಿ ಓದಿದೋಳು ದಡ್ಡಿಯಂಗೆ ವ್ಯಾಪಾರ ಮಾಡ್ತೀಯಾ? ಕಾಲು ಭಾಗ ಕೊಡು, ಸಾಕು."

"ಮೋಟಾರು?"

ಬೆರಳು ಮಡಿಚಿ ಲೆಕ್ಕ ಹಾಕಿದಳು. "ಮಿಕ್ಕಿದ್ದು ನೀನೇ ಹಾಕು. ಹೊಲ್ದು ತೀರಿಸ್ತೀನಿ. ಇನ್ಮೇಲೆ ಬ್ಯಾರೆ ಯಾರ ಹತ್ರಾನೂ ರವಿಕೆ ಹೊಲಿಸ್ಬ್ಯಾಡ."

ಬೀರುವಿನಲ್ಲಿದ್ದ ರವಿಕೆ ಕಣಗಳನ್ನೆಲ್ಲ ತಂದು ಅವಳ ಮುಂದೆ ಹಾಕಿದೆ. ಚೀಲದಿಂದ ಟೇಪು ತೆಗೆದು ಎದ್ದಳು.

"ಕೈ ಎತ್ತು. ಅಯ್ಯೋ, ಆಫೀಸಲ್ಲಿ ಕೂತು ಕೂತು ಎಷ್ಟು ಊದಿದೀಯೇ! ಈ ಬಟ್ಟೆ ಸಾಲಲ್ಲ ಕಣೇ."